ದೂರದ ಕಾಡಿನಲ್ಲೊಂದು ಪೆಟ್ಟಿಗೆ: ಲೆಟರ್‌ಬಾಕ್ಸಿಂಗ್ ಹವ್ಯಾಸವೂ ಅದರ ಪಾಲನೆಯೂ

ಲೆಟರ್‌ಬಾಕ್ಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೀದಿಯ ಮೂಲೆಯಲ್ಲಿ ನಿಂತ ಕೆಂಪು ಅಂಚೆಪೆಟ್ಟಿಗೆ. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಇದೇ ಹೆಸರಿನ ಇನ್ನೊಂದು ಪೆಟ್ಟಿಗೆಯಿದೆ. ಅದು ಬೀದಿಯಲ್ಲಿ ಕಾಣಸಿಗುವುದಿಲ್ಲ. ಕಾಡಿನ ಹಾದಿಯಲ್ಲಿ, ಬೆಟ್ಟದ ಮೇಲೆ, ಬಂಡೆಯ ಸಂದಿಯಲ್ಲೋ ಮರದ ಬುಡದಲ್ಲೋ ಅಡಗಿ ಕುಳಿತಿರುತ್ತದೆ. ಅದರೊಳಗೆ ಒಂದು ರಬ್ಬರ್ ಮೊಹರು, ಒಂದು ಚಿಕ್ಕ ಪುಸ್ತಕ. ಸುಳಿವುಗಳನ್ನು ಓದಿ ಅದನ್ನು ಹುಡುಕಿ ಹೋಗುವುದು, ಮೊಹರನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು ಪೆಟ್ಟಿಗೆಯನ್ನು ಮೊದಲಿದ್ದಂತೆಯೇ ಬಚ್ಚಿಟ್ಟು ಬರುವುದು, ಇದೇ ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸ.

ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಇಂದು ಪರದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ಹೋಗುವ ತಂದೆತಾಯಿಯರು ಮೊಮ್ಮಕ್ಕಳ ಕೈಹಿಡಿದು ಇಂತಹ ಪೆಟ್ಟಿಗೆಗಳನ್ನು ಹುಡುಕಿ ನಡೆಯುವುದುಂಟು. ನಾಲ್ಕಾರು ಪೆಟ್ಟಿಗೆಗಳನ್ನು ಕಂಡವರಿಗೆ ತಾವೂ ಒಂದನ್ನು ಇಟ್ಟು ಬರಬೇಕೆಂಬ ಆಸೆ ಸಹಜವಾಗಿ ಹುಟ್ಟುತ್ತದೆ. ತೊಡಕಿರುವುದು ಅಲ್ಲಿಯೇ. ಇಡುವುದು ಅರ್ಧ ಗಂಟೆಯ ಕೆಲಸ, ನೋಡಿಕೊಳ್ಳುವುದು ವರ್ಷಗಳ ಕೆಲಸ. ಈ ಹವ್ಯಾಸದ ಹಿನ್ನೆಲೆಯನ್ನೂ, ಪ್ರವಾಸದಲ್ಲಿ ಇಟ್ಟ ಪೆಟ್ಟಿಗೆಯನ್ನು ದೂರದಿಂದ ಪಾಲಿಸುವ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ತಿಳಿಸಲು ಪ್ರಯತ್ನಿಸಿದ್ದೇವೆ.

ಡಾರ್ಟ್‌ಮೂರಿನ ಗಾಜಿನ ಭರಣಿ

ಈ ಹವ್ಯಾಸದ ತವರು ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಡೆವನ್ ಪ್ರಾಂತದ ಡಾರ್ಟ್‌ಮೂರ್. ಶರ್ಲಾಕ್ ಹೋಮ್ಸ್ ಕಥೆಗಳನ್ನು ಓದಿದವರಿಗೆ ಬಾಸ್ಕರ್‌ವಿಲ್‌ನ ಬೇಟೆನಾಯಿ ಓಡಾಡಿದ ಸೀಮೆಯೆಂದು ಇದರ ನೆನಪಿರಬಹುದು. ಗ್ರಾನೈಟ್ ಬಂಡೆಗಳ ಗುಡ್ಡಗಳು, ಕಾಲಿಟ್ಟರೆ ಕುಸಿಯುವ ಜೌಗು ನೆಲ, ಕ್ಷಣಮಾತ್ರದಲ್ಲಿ ಕವಿಯುವ ಮಂಜು, ಇವು ಆ ನಾಡಿನ ಲಕ್ಷಣ. 1951ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

ಡಾರ್ಟ್‌ಮೂರಿನ ಉತ್ತರ ಭಾಗದಲ್ಲಿ ಕ್ರಾನ್‌ಮಿಯರ್ ಪೂಲ್ ಎಂಬ ತಗ್ಗು ಪ್ರದೇಶವಿದೆ. ಹೆಸರಿಗೆ ಕೊಳವಾದರೂ ಈಗ ಅದು ಬಹುಮಟ್ಟಿಗೆ ಬತ್ತಿದ ಜೌಗು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ನಡೆದು ತಲುಪುವುದೇ ಒಂದು ಸಾಹಸವಾಗಿತ್ತು. ಚಾಗ್‌ಫೋರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿ ಅಲ್ಲಿ ಒಂದು ಗಾಜಿನ ಭರಣಿಯನ್ನು ಇಟ್ಟನು. ಅಷ್ಟು ದೂರ ನಡೆದು ಬಂದವರು ತಮ್ಮ ಪರಿಚಯ ಚೀಟಿಯನ್ನು ಅದರಲ್ಲಿ ಹಾಕಿ ಹೋಗಬಹುದಾಗಿತ್ತು. ಕ್ರಮೇಣ ಇನ್ನೊಂದು ಪದ್ಧತಿ ಬೆಳೆಯಿತು. ಬಂದವರು ವಿಳಾಸ ಬರೆದ ಕಾಗದವನ್ನೋ ಕಾರ್ಡನ್ನೋ ಅಲ್ಲಿ ಬಿಟ್ಟು ಹೋಗುವರು, ಮುಂದೆ ಬಂದವರು ಅದನ್ನು ಕೊಂಡೊಯ್ದು ಅಂಚೆಗೆ ಹಾಕುವರು. ಲೆಟರ್‌ಬಾಕ್ಸ್ ಎಂಬ ಹೆಸರಿಗೆ ಇದೇ ಕಾರಣ. ಅದೇ 1854ನೆಯ ಇಸವಿಯ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ದೂರವೆಷ್ಟೇ ಇರಲಿ ಒಂದೇ ದರವೆಂಬ ಅಂಚೆ ವ್ಯವಸ್ಥೆಯೂ ಅಖಿಲ ಭಾರತ ಅಂಚೆಚೀಟಿಯೂ ಜಾರಿಗೆ ಬಂದವೆಂಬುದು ಆಕಸ್ಮಿಕವಾದರೂ ನೆನಪಿಡಲು ಸುಲಭವಾದ ಸಂಗತಿ.

ಭರಣಿಯ ಸ್ಥಾನಕ್ಕೆ 1888ರಲ್ಲಿ ತಗಡಿನ ಪೆಟ್ಟಿಗೆ ಬಂತು. 1905ರಲ್ಲಿ ಸಂದರ್ಶಕರ ಪುಸ್ತಕವನ್ನು ಇಡಲಾಯಿತು. 1937ರಲ್ಲಿ ಕಲ್ಲಿನ ಗೂಡನ್ನು ಕಟ್ಟಲಾಯಿತು. ಈ ನಡುವೆ 1894ರಲ್ಲಿ ಬೆಲ್‌ಸ್ಟೋನ್ ಟಾರ್ ಎಂಬ ಬಂಡೆಗುಡ್ಡದಲ್ಲಿ ಎರಡನೆಯ ಪೆಟ್ಟಿಗೆ ಬಂತು. 1938ರಲ್ಲಿ ದಕ್ಷಿಣದ ಡಕ್ಸ್ ಪೂಲ್‌ನಲ್ಲಿ ಮೂರನೆಯದನ್ನು ಸ್ಥಾಪಿಸಿದರು. ಡಾರ್ಟ್‌ಮೂರಿನ ಹೆಜ್ಜೆಹೆಜ್ಜೆಯನ್ನೂ ವಿವರಿಸಿ 1909ರಲ್ಲಿ ಮಾರ್ಗದರ್ಶಿ ಗ್ರಂಥ ಪ್ರಕಟಿಸಿದ ವಿಲಿಯಂ ಕ್ರಾಸಿಂಗ್ ಅವರ ಸ್ಮಾರಕವದು. ಮೊದಲ ಎಂಬತ್ತು ವರ್ಷಗಳಲ್ಲಿ ಇಡೀ ಸೀಮೆಗೆ ಇದ್ದದ್ದು ಇಂತಹ ಕೆಲವೇ ಪೆಟ್ಟಿಗೆಗಳು. 1970ರ ದಶಕದ ನಂತರ ಮಾತ್ರ ಅವುಗಳ ಸಂಖ್ಯೆ ಸಾವಿರಗಳಿಗೆ ಏರಿತು. ನೂರು ಪೆಟ್ಟಿಗೆಗಳನ್ನು ಕಂಡವರಿಗೆ '100 ಕ್ಲಬ್' ಎಂಬ ಬಳಗದ ಸದಸ್ಯತ್ವ ದೊರೆಯುತ್ತದೆ.

ಈ ಇತಿಹಾಸದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪೆರಟ್ ಆ ಸೀಮೆಯವನೇ ಆಗಿದ್ದನು, ಜನರನ್ನು ಅಲ್ಲಿಗೆ ಕರೆದೊಯ್ಯುವುದೇ ಅವನ ವೃತ್ತಿಯಾಗಿತ್ತು. ಹೋದಾಗಲೆಲ್ಲ ಭರಣಿಯನ್ನು ನೋಡಿ ಬರುವುದು ಅವನಿಗೆ ಬೇರೆ ಕೆಲಸವೇ ಆಗಿರಲಿಲ್ಲ. ಇಟ್ಟವನು ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ ಎಂಬ ಸಮಸ್ಯೆ ಹುಟ್ಟಿದ್ದು ಬಹಳ ಕಾಲದ ಮೇಲೆ.

ಅಮೆರಿಕದಲ್ಲಿ ಬೆಳೆದ ಬಗೆ

1998ರ ಏಪ್ರಿಲ್‌ನಲ್ಲಿ 'ಸ್ಮಿತ್ಸೋನಿಯನ್' ಮಾಸಪತ್ರಿಕೆಯಲ್ಲಿ ಡಾರ್ಟ್‌ಮೂರಿನ ಈ ಹವ್ಯಾಸದ ಕುರಿತು ಲೇಖನವೊಂದು ಪ್ರಕಟವಾಯಿತು. ಅದನ್ನು ಓದಿದ ಅಮೆರಿಕದ ಆಸಕ್ತರು ತಮ್ಮ ಊರುಗಳಲ್ಲಿಯೂ ಪೆಟ್ಟಿಗೆಗಳನ್ನಿಟ್ಟು ಸುಳಿವುಗಳನ್ನು ಅಂತರಜಾಲದಲ್ಲಿ ಪ್ರಕಟಿಸತೊಡಗಿದರು. ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಇದು ಬೇಗ ಬೇರೂರಿತು. ಕನೆಕ್ಟಿಕಟ್ ರಾಜ್ಯದಲ್ಲಂತೂ ಅರಣ್ಯ ಇಲಾಖೆಯೇ ತನ್ನ ಕಾಡುಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟು ಸುಳಿವುಗಳನ್ನು ಪ್ರಕಟಿಸಿತು.

ಅಲ್ಲಿನ ಕ್ರಮ ಹೀಗಿದೆ. ಪ್ರತಿಯೊಬ್ಬ ಹವ್ಯಾಸಿಗೂ ತನ್ನದೇ ಆದ ಮೊಹರು, ತನ್ನದೇ ಪುಸ್ತಕ, ತಾನೇ ಇಟ್ಟುಕೊಂಡ ಒಂದು ಅಡ್ಡಹೆಸರು ಇರುತ್ತದೆ. ಪೆಟ್ಟಿಗೆ ಸಿಕ್ಕಾಗ ಅದರ ಮೊಹರನ್ನು ತನ್ನ ಪುಸ್ತಕದಲ್ಲಿಯೂ, ತನ್ನ ಮೊಹರನ್ನು ಪೆಟ್ಟಿಗೆಯ ಪುಸ್ತಕದಲ್ಲಿಯೂ ಒತ್ತಿ ದಿನಾಂಕ ಬರೆಯಬೇಕು. ಮೊಹರುಗಳನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಅಳಿಸುವ ರಬ್ಬರಿನಲ್ಲಿ ಕೈಯಾರೆ ಕೆತ್ತುವುದಕ್ಕೆ ಹೆಚ್ಚು ಗೌರವ. ತಾನು ಇಟ್ಟವೆಷ್ಟು, ಕಂಡವೆಷ್ಟು, ಇತರ ಹವ್ಯಾಸಿಗಳನ್ನು ಭೇಟಿಯಾಗಿ ಮೊಹರು ವಿನಿಮಯ ಮಾಡಿಕೊಂಡದ್ದೆಷ್ಟು ಎಂದು ಮೂರು ಲೆಕ್ಕಗಳನ್ನು ಇಡುವ ರೂಢಿಯಿದೆ.

ಇದರ ತಮ್ಮನೆನ್ನಬಹುದಾದದ್ದು ಜಿಯೋಕ್ಯಾಶಿಂಗ್. ಉಪಗ್ರಹ ಸಂಕೇತಗಳ ನಿಖರತೆಯನ್ನು ಉದ್ದೇಶಪೂರ್ವಕವಾಗಿ ಕುಗ್ಗಿಸುವ ಕ್ರಮವನ್ನು ಅಮೆರಿಕದ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಡಬ್ಬವನ್ನಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಲೆಟರ್‌ಬಾಕ್ಸಿಂಗ್‌ಗೆ ಪದಗಳ ಸುಳಿವು ಆಧಾರವಾದರೆ ಜಿಯೋಕ್ಯಾಶಿಂಗ್‌ಗೆ ಅಂಕಿಗಳೇ ಆಧಾರ.

ಪಾಲನೆಯ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಜಿಯೋಕ್ಯಾಶಿಂಗ್‌ನಲ್ಲಿ ಪ್ರತಿ ಹೊಸ ಡಬ್ಬವನ್ನೂ ಸ್ವಯಂಸೇವಕ ಪರಿಶೀಲಕರು ಒಪ್ಪಬೇಕು. ರಜೆಯಲ್ಲಿ ಬಂದವರು ಇಟ್ಟು ಹೋಗುವ ಡಬ್ಬಗಳಿಗೆ ಸಾಮಾನ್ಯವಾಗಿ ಒಪ್ಪಿಗೆ ಸಿಗುವುದಿಲ್ಲ. ತಾನಿಲ್ಲದಾಗ ಅದನ್ನು ನೋಡಿಕೊಳ್ಳಲು ಒಪ್ಪಿರುವ ಸ್ಥಳೀಯರೊಬ್ಬರನ್ನು ತೋರಿಸಿದರೆ ಮಾತ್ರ ಪರಿಗಣಿಸುತ್ತಾರೆ. ಲೆಟರ್‌ಬಾಕ್ಸಿಂಗ್‌ನಲ್ಲಿ ಇಂತಹ ತಡೆಯಿಲ್ಲ. ಅಲ್ಲಿ ಇಟ್ಟವನ ಆತ್ಮಸಾಕ್ಷಿಯೇ ಪರಿಶೀಲಕ.

ನಮ್ಮದೊಂದು ತಪ್ಪು

ಈ ಮಾತನ್ನು ನಾವು ಅನುಭವದಿಂದಲೇ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಕನೆಕ್ಟಿಕಟ್‌ನಲ್ಲಿದ್ದ ಮಗಳ ಮನೆಗೆ ನಾವು ದಂಪತಿಗಳು ಹೋಗಿದ್ದೆವು. ಮುಂಬಯಿಗೆ ಮರಳುವ ಮುನ್ನ, ಊರಾಡಳಿತದ ಅನುಮತಿ ಪಡೆದು, ಅಲ್ಲಿನ ಕಾಲುದಾರಿಯೊಂದರ ಪಕ್ಕದಲ್ಲಿ ಪೆಟ್ಟಿಗೆಯೊಂದನ್ನು ಇಟ್ಟೆವು. ಮೊಹರಿನಲ್ಲಿ ಕೆತ್ತಿದ್ದು ನಮ್ಮೂರ ತೇರು. ಬಿದ್ದ ಮರದ ಪೊಟರೆಯೊಂದು ಹೇಳಿ ಮಾಡಿಸಿದಂತೆ ಕಂಡಿತು. ಅದು ಅಕ್ಟೋಬರ್ ತಿಂಗಳು, ಎಲೆಗಳೆಲ್ಲ ಬಣ್ಣ ತಿರುಗಿದ್ದವು.

ಮೊದಲ ವರ್ಷ ಪೆಟ್ಟಿಗೆ ಸಿಕ್ಕಿತೆಂಬ ಸಂದೇಶಗಳು ಬಂದಾಗಲೆಲ್ಲ ಮನೆಯಲ್ಲಿ ಹಬ್ಬ. ಎರಡನೆಯ ವಸಂತದಲ್ಲಿ ಒಬ್ಬರು ಪುಸ್ತಕ ಒದ್ದೆಯಾಗಿದೆ ಎಂದು ತಿಳಿಸಿದರು. ಅಷ್ಟರಲ್ಲಿ ಮಗಳಿಗೆ ಬೇರೆ ರಾಜ್ಯದಲ್ಲಿ ಕೆಲಸವಾಗಿ ಆ ಊರನ್ನು ಬಿಟ್ಟಿದ್ದಳು. ಯಾರಾದರೂ ಸರಿಪಡಿಸುತ್ತಾರೆಂದು ನಾವು ಸುಮ್ಮನಾದೆವು. ಸುಳಿವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಮುಂದಿನ ವರ್ಷ ಒಬ್ಬ ತಾಯಿಯಿಂದ ಪತ್ರ ಬಂತು. ಇಬ್ಬರು ಪುಟ್ಟ ಮಕ್ಕಳೊಂದಿಗೆ ಎರಡು ಗಂಟೆ ಹುಡುಕಿದರೂ ಪೆಟ್ಟಿಗೆ ಸಿಗಲಿಲ್ಲವೆಂದೂ, ಅದು ಅಲ್ಲಿ ಇದೆಯೇ ಎಂದೂ ವಿನಯವಾಗಿ ಕೇಳಿದ್ದರು. ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಬ್ಯಾಂಕಿನಲ್ಲಿ ಉಳಿತಾಯ ಖಾತೆಯೊಂದು ಎರಡು ವರ್ಷಕ್ಕೂ ಮೀರಿ ವ್ಯವಹಾರವಿಲ್ಲದೆ ಬಿದ್ದರೆ ಅದನ್ನು ನಿಷ್ಕ್ರಿಯ ಖಾತೆಯೆಂದು ಬೇರ್ಪಡಿಸುತ್ತೇವೆ. ದಿನವೂ ಗ್ರಾಹಕರಿಗೆ ಅದನ್ನು ವಿವರಿಸುವ ನಾವೇ ನಮ್ಮದೊಂದು ಖಾತೆಯನ್ನು ತೆರೆದು ಮರೆತಿದ್ದೆವು. ಕೂಡಲೇ ಸುಳಿವನ್ನು ತಡೆಹಿಡಿದು, ತಪ್ಪೊಪ್ಪಿಕೊಂಡು, ಆ ಭಾಗದ ಹವ್ಯಾಸಿಗಳ ಸಹಾಯ ಕೇಳಿದೆವು. ಅದೇ ಊರಿನ ಹಿರಿಯರೊಬ್ಬರು ಮುಂದೆ ಬಂದರು. ಕೊಳೆತ ಮರ ಕುಸಿದು, ಪೆಟ್ಟಿಗೆ ಇಳಿಜಾರಿನಲ್ಲಿ ಹಲವು ಅಡಿ ಕೆಳಗೆ ಎಲೆಗಳಡಿ ಹೂತುಹೋಗಿತ್ತು. ಅವರು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಒಣಗಿಸಿದರು. ಮೊಹರು ಒಡೆದಿತ್ತು. ನಮ್ಮಲ್ಲಿ ಉಳಿದಿದ್ದ ಅಚ್ಚಿನಿಂದ ಇನ್ನೊಂದು ತೇರನ್ನು ಕೆತ್ತಿ ಅಂಚೆಯಲ್ಲಿ ಕಳುಹಿಸಿದೆವು. ಈಗ ಅದು ಬಂಡೆಯೊಂದರ ಮರೆಯಲ್ಲಿದೆ, ಪಾಲಕರ ಹೆಸರೂ ಅವರದೇ ಆಗಿದೆ. ಮುಂದೆ ಹೇಳುವ ಸೂಚನೆಗಳಲ್ಲಿ ಹೆಚ್ಚಿನವು ಅವರಿಂದ ಕಲಿತವು.

ದೂರದಿಂದ ಪಾಲಿಸುವ ಕ್ರಮ

ಸ್ಥಳೀಯ ಪಾಲಕರು: ಪರವೂರಿನಲ್ಲಿರುವ ನಾವು ಊರಿನ ಮನೆಯ ಬೀಗದ ಕೈಯನ್ನು ಪಕ್ಕದ ಮನೆಯವರಲ್ಲಿ ಕೊಟ್ಟು ಬರುತ್ತೇವಲ್ಲವೇ? ಪೆಟ್ಟಿಗೆಗೂ ಅಂಥವರೊಬ್ಬರು ಬೇಕು. ಮಗನೋ ಮಗಳೋ ಸಾಲದು, ಅವರು ಊರು ಬಿಡಬಹುದು. ಆ ದಾರಿಯಲ್ಲಿ ಹೇಗೂ ನಡೆದಾಡುವ ಸ್ಥಳೀಯ ಹವ್ಯಾಸಿಯೇ ಉತ್ತಮ. ಪೆಟ್ಟಿಗೆ ಇಡುವ ಮುಂಚೆಯೇ ಅವರ ಒಪ್ಪಿಗೆ ಪಡೆದು, ಸ್ಥಳವನ್ನು ಕಣ್ಣಾರೆ ತೋರಿಸಬೇಕು.

ಡಬ್ಬ: ಮುಚ್ಚಳಕ್ಕೆ ರಬ್ಬರ್ ಅಂಚಿದ್ದು, ನಾಲ್ಕೂ ಕಡೆ ಕೊಂಡಿಯಿಂದ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು. ಮನೆಯಲ್ಲಿ ನೀರಿನ ಬಕೆಟ್ಟಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಪರೀಕ್ಷಿಸಬೇಕು. ಮೊಹರನ್ನೂ ಪುಸ್ತಕವನ್ನೂ ಬೇರೆ ಬೇರೆ ಜಿಪ್ ಚೀಲಗಳಲ್ಲಿ ಇಡಬೇಕು, ಒಂದು ಒದ್ದೆಯಾದರೂ ಇನ್ನೊಂದು ಉಳಿಯುತ್ತದೆ. ಎರಡು ಚೀಲಗಳನ್ನು ಹೆಚ್ಚಾಗಿಯೇ ಇಟ್ಟರೆ ಬಂದವರೇ ಬದಲಿಸುತ್ತಾರೆ. ತಿಂಡಿಯ ವಾಸನೆ ಇರುವ ಹಳೆಯ ಡಬ್ಬ ಬೇಡವೇ ಬೇಡ, ಇಲಿ ಅಳಿಲುಗಳು ಕಡಿದು ಹಾಕುತ್ತವೆ.

ಪುಸ್ತಕ ಮತ್ತು ಶಾಯಿ: ಹೊಲಿದ ಕಟ್ಟಿನ ದಪ್ಪ ಹಾಳೆಯ ಪುಸ್ತಕ ಬಾಳಿಕೆ ಬರುತ್ತದೆ. ಚೆಂಡುಮೊನೆಯ ಪೆನ್ನು ಚಳಿಯಲ್ಲಿ ಕೈಕೊಡುವುದರಿಂದ ಪೆನ್ಸಿಲ್ ಇಡುವುದು ಲೇಸು. ಇಂಕ್ ಪ್ಯಾಡ್ ಒಣಗುತ್ತದೆ, ಇಲ್ಲವೇ ಸೋರುತ್ತದೆ. ಬರುವವರು ತಮ್ಮದನ್ನೇ ತರಬೇಕೆಂದು ಸುಳಿವಿನಲ್ಲಿ ತಿಳಿಸಬಹುದು.

ಗುರುತಿನ ಚೀಟಿ: ಇದು ಕಸವಲ್ಲ, ಇಂಥ ಹವ್ಯಾಸದ ಪೆಟ್ಟಿಗೆ, ದಯವಿಟ್ಟು ಇದ್ದಲ್ಲಿಯೇ ಇಡಿ ಎಂದು ಒಳಗೆ ಚೀಟಿಯಿರಬೇಕು. ಪಾಲಕರನ್ನು ಸಂಪರ್ಕಿಸುವ ದಾರಿಯನ್ನೂ ತಿಳಿಸಬೇಕು.

ಪ್ರತಿ: ಮೊಹರಿನ ಸ್ಪಷ್ಟ ಅಚ್ಚು, ಸುಳಿವಿನ ಮೂಲ, ಸ್ಥಳದ ಛಾಯಾಚಿತ್ರಗಳು, ಅನುಮತಿ ಪತ್ರ, ಇವನ್ನು ಮನೆಯಲ್ಲಿ ಒಂದೇ ಕಡತದಲ್ಲಿ ಇಡಬೇಕು. ತುಂಬಿದ ಪುಸ್ತಕವನ್ನು ಪಾಲಕರು ಕಳುಹಿಸಿಕೊಡಲು ಆಗುವ ಅಂಚೆ ವೆಚ್ಚ ನಮ್ಮದು. ವಿದೇಶಕ್ಕೆ ಮೊಹರು, ಪುಸ್ತಕ ಕಳುಹಿಸುವಾಗ ಸುಂಕದ ಘೋಷಣೆ ಬರೆಯಬೇಕಾಗುತ್ತದೆ. ಆಯಾ ಕಾಲದ ನಿಯಮವನ್ನು ಅಂಚೆಕಚೇರಿಯಲ್ಲಿ ವಿಚಾರಿಸಬೇಕು. ದ್ರವ ಶಾಯಿಯನ್ನು ಕಳುಹಿಸದಿರುವುದು ಕ್ಷೇಮ.

ವಾರ್ಷಿಕ ತನಿಖೆ: ವರ್ಷಕ್ಕೆ ಎರಡು ಬಾರಿ, ಹಿಮ ಕರಗಿದ ಮೇಲೊಮ್ಮೆ, ಎಲೆ ಉದುರುವ ಮುನ್ನ ಒಮ್ಮೆ, ಪಾಲಕರಿಗೆ ಪತ್ರ ಬರೆಯಬೇಕು. ಪೆಟ್ಟಿಗೆ ಕಾಣೆಯಾದ ಸಂದೇಹ ಬಂದ ದಿನವೇ ಸುಳಿವನ್ನು ತಡೆಹಿಡಿಯಬೇಕು. ಇಲ್ಲದ್ದನ್ನು ಹುಡುಕಿಸುವುದು ಅಪರಿಚಿತರ ಒಂದು ದಿನವನ್ನು ಕದ್ದಂತೆ.

ಮುಕ್ತಾಯ: ನೋಡಿಕೊಳ್ಳುವವರು ಇಲ್ಲವಾದರೆ ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ದತ್ತು ಕೊಡಬಹುದು. ಅದೂ ಆಗದಿದ್ದರೆ ತೆಗೆಸಿಬಿಡಬೇಕು. ಸುಳಿವನ್ನು ಅಳಿಸಿ ಡಬ್ಬವನ್ನು ಕಾಡಿನಲ್ಲಿಯೇ ಬಿಡುವುದು ಮುಕ್ತಾಯವಲ್ಲ, ಅದು ಕಸ.

ಸ್ಥಳ ಮತ್ತು ಅನುಮತಿ

ನೆಲದ ಒಡೆಯರ ಒಪ್ಪಿಗೆಯಿಲ್ಲದೆ ಏನನ್ನೂ ಇಡಬಾರದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ವಸ್ತುವನ್ನು 24 ಗಂಟೆಗಳಿಗಿಂತ ಹೆಚ್ಚು ಕಾಲ ಬಿಟ್ಟುಹೋಗುವುದು ಸಾಮಾನ್ಯವಾಗಿ ನಿಯಮಬಾಹಿರ. ಡಾರ್ಟ್‌ಮೂರಿನ ಹವ್ಯಾಸಿಗಳ ಸಂಹಿತೆಯಂತೆ ಪ್ರಾಚೀನ ಶಿಲಾವೃತ್ತ, ಕಲ್ಲುಗುಪ್ಪೆ, ಗೋಡೆ, ಪಾಳುಕಟ್ಟಡಗಳಲ್ಲಿ ಪೆಟ್ಟಿಗೆಯನ್ನು ಇಡುವಂತಿಲ್ಲ, ಸಿಮೆಂಟಿನಿಂದ ಕೂಡಿಸುವಂತಿಲ್ಲ. ಕ್ರಾನ್‌ಮಿಯರ್ ಪೂಲ್ ಇರುವುದು ಸೈನ್ಯದ ಓಕ್‌ಹ್ಯಾಂಪ್ಟನ್ ಗುಂಡಿನಭ್ಯಾಸದ ವಲಯದಲ್ಲಿ. ಅಭ್ಯಾಸದ ದಿನಗಳಲ್ಲಿ ಕೆಂಪು ಬಾವುಟ, ರಾತ್ರಿಯಲ್ಲಿ ಕೆಂಪು ದೀಪ ಏರಿಸುತ್ತಾರೆ. ಆಗ ಒಳಗೆ ಕಾಲಿಡಬಾರದು.

ಹುಡುಕುವವರ ದೇಹಕ್ಷೇಮವನ್ನೂ ಇಡುವವರು ಯೋಚಿಸಬೇಕು. ಉಣ್ಣಿಯ ಕಡಿತದಿಂದ ಬರುವ ಲೈಮ್ ರೋಗಕ್ಕೆ ಆ ಹೆಸರು ಬಂದದ್ದೇ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನಿಂದ. ಎತ್ತರದ ಹುಲ್ಲು, ಪೊದೆಗಳಲ್ಲಿ ನುಗ್ಗಬೇಕಾದ ಜಾಗಕ್ಕಿಂತ ದಾರಿಯ ಪಕ್ಕದ ಬಂಡೆಯೇ ಮೇಲು. ಪೇಟೆಯ ನಡುವೆ ಇಡುವುದಂತೂ ಸಲ್ಲದು. ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ 2011ರಲ್ಲಿ ಜಿಯೋಕ್ಯಾಶಿಂಗ್ ಡಬ್ಬವೊಂದನ್ನು ಬಾಂಬೆಂದು ಶಂಕಿಸಿ ಬಾಂಬ್ ನಿಷ್ಕ್ರಿಯ ದಳವನ್ನು ಕರೆಸಬೇಕಾಯಿತು.

ನಮ್ಮ ದೇಶದಲ್ಲಿ

ಇಲ್ಲಿಯೂ ಇದನ್ನು ಆರಂಭಿಸಬಹುದೇ ಎಂದು ಕೆಲವರು ಕೇಳಬಹುದು. ಮುಂಬಯಿಯ ಸ್ಥಳೀಯ ರೈಲುಗಳಲ್ಲಿ 2006ರ ಜುಲೈ 11ರಂದು ನಡೆದ ಸ್ಫೋಟಗಳನ್ನು ಕಂಡ ನಗರ ನಮ್ಮದು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ ಎಂಬ ಘೋಷಣೆ ನಮ್ಮ ಕಿವಿಗೆ ಹೊಸದಲ್ಲ. ಆದ್ದರಿಂದ ನಿಲ್ದಾಣ, ಮಾರುಕಟ್ಟೆ, ದೇವಸ್ಥಾನಗಳ ಸುತ್ತಮುತ್ತ ಇದರ ಯೋಚನೆಯೇ ಕೂಡದು. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಂತಹ ಕಾಡುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟಿವೆ. ಸಂರಕ್ಷಿತ ಕೋಟೆ, ಗುಹೆಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿಯೂ ಇಡಬಾರದು.

ಉಳಿಯುವುದು ಖಾಸಗಿ ನೆಲ: ಬಂಧುಗಳ ತೋಟ, ಗೃಹನಿರ್ಮಾಣ ಸಂಘದ ಉದ್ಯಾನ, ಊರಿನ ಮನೆಯ ಹಿತ್ತಲು. ಮಕ್ಕಳಿಗಾಗಿ ಕನ್ನಡದಲ್ಲಿ ಸುಳಿವು ಬರೆದು ಅಲ್ಲಿ ಪೆಟ್ಟಿಗೆ ಇಟ್ಟರೆ ಓದುವ ಅಭ್ಯಾಸವೂ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಗೆದ್ದಲು, ಮಂಗಗಳು, ಈ ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲಕ್ಕೆ ಮುನ್ನ ಪೆಟ್ಟಿಗೆಯನ್ನು ಒಳಗೆ ತಂದು, ಮಳೆ ನಿಂತ ಮೇಲೆ ಮತ್ತೆ ಇಡುವುದು ಸುಲಭೋಪಾಯ.

ಇಡದೆಯೂ ಸಲ್ಲಿಸಬಹುದಾದ ಸೇವೆ

ಪ್ರವಾಸಿಗೆ ಪೆಟ್ಟಿಗೆ ಇಡುವುದೊಂದೇ ದಾರಿಯಲ್ಲ. ಸಹಪ್ರಯಾಣಿಕನೆಂದು ಕರೆಯಬಹುದಾದ ಚಿಕ್ಕ ಪೆಟ್ಟಿಗೆಗಳಿವೆ. ಅವುಗಳನ್ನು ಒಂದು ದೊಡ್ಡ ಪೆಟ್ಟಿಗೆಯೊಳಗೆ ಬಿಟ್ಟರೆ, ಕಂಡವರು ಮೊಹರು ಒತ್ತಿಕೊಂಡು ಮುಂದಿನ ಪೆಟ್ಟಿಗೆಗೆ ಸಾಗಿಸುತ್ತಾರೆ. ಅದಕ್ಕೆ ಕಾಯಂ ವಿಳಾಸವಿಲ್ಲ, ಆದ್ದರಿಂದ ಊರು ಬಿಟ್ಟು ಹೋಗುವವರಿಗೆ ಹೆಚ್ಚು ಒಪ್ಪುತ್ತದೆ.

ಇನ್ನೂ ಸರಳವಾದದ್ದು ಇತರರ ಪೆಟ್ಟಿಗೆಗಳನ್ನು ಸರಿಪಡಿಸುವುದು. ಈಗ ನಾವು ಪರದೇಶಕ್ಕೆ ಹೋಗುವಾಗ ಹತ್ತು ಜಿಪ್ ಚೀಲ, ಎರಡು ಪುಟ್ಟ ಪುಸ್ತಕ, ಒಂದು ಒಣಬಟ್ಟೆ ನಮ್ಮ ಕೈಚೀಲದಲ್ಲಿರುತ್ತವೆ. ಒದ್ದೆಯಾದ ಪೆಟ್ಟಿಗೆ ಸಿಕ್ಕರೆ ಒರೆಸಿ, ಚೀಲ ಬದಲಿಸಿ, ಇಟ್ಟವರಿಗೆ ಸಂದೇಶ ಕಳುಹಿಸುತ್ತೇವೆ. ಆ ಇಟ್ಟವರು ಈಗ ಎಲ್ಲಿರುವರೋ ನಮಗೆ ತಿಳಿಯದು. ನಮ್ಮಂತೆಯೇ ದೂರದಲ್ಲಿ ಕುಳಿತು, ಯಾರಾದರೂ ನೋಡಿಕೊಳ್ಳಲಿ ಎಂದು ಬಯಸುವವರೇ ಇರಬಹುದು. ನಮ್ಮ ತೇರಿನ ಪುಸ್ತಕವನ್ನು ಒಣಗಿಸಿದ ಆ ಹಿರಿಯರ ಋಣವನ್ನು ಅವರಿಗೇ ತೀರಿಸಲಾರೆವು. ಇನ್ನೊಬ್ಬರ ಪೆಟ್ಟಿಗೆಗೆ ಒಂದು ಒಣ ಚೀಲ ಹೊದಿಸಿ ಸ್ವಲ್ಪಮಟ್ಟಿಗೆ ತೀರಿಸಬಹುದು.